ಕಲ್ಲು, ನಾಣ್ಯ, ಲಕೋಟೆ, ಟಿಕೆಟ್: ನಾಗಪುರದಲ್ಲಿ ಸಂಗ್ರಹದ ಹವ್ಯಾಸ

ಬಿಡುವಿನ ಹವ್ಯಾಸಗಳಲ್ಲಿ ಸಂಗ್ರಹಕ್ಕೆ ಒಂದು ವಿಶೇಷವಿದೆ. ಹಾಡಿದ ಹಾಡು, ಆಡಿದ ಆಟ ಆ ಹೊತ್ತಿಗೆ ಮುಗಿಯುತ್ತದೆ. ಕೂಡಿಸಿದ ವಸ್ತು ಕೂಡಿಸಿದವರ ಕಾಲದ ನಂತರವೂ ಉಳಿಯುತ್ತದೆ. ಆಲ್ಬಮ್ಮಿನ ಅಂಚೆ ಚೀಟಿ, ಡಬ್ಬಿಯೊಳಗಿನ ನಾಣ್ಯ, ಕಪಾಟಿನ ಕಲ್ಲು ಮುಂದಿನ ತಲೆಮಾರಿನ ಕೈಸೇರುತ್ತವೆ. ಏನು ಮಾಡಬೇಕೆಂದು ತೋಚದೆ ಮನೆಯವರು ಅವನ್ನು ಗುಜರಿಗೆ ಹಾಕುವುದುಂಟು. ವಸ್ತುಸಂಗ್ರಹಾಲಯದವರು ಮನೆಗೇ ಬಂದು ಕೇಳಿ ಪಡೆಯುವುದೂ ಉಂಟು. ಈ ಎರಡರಲ್ಲಿ ಯಾವುದಾಗುತ್ತದೆ ಎನ್ನುವುದು ವಸ್ತುವಿನ ಬೆಲೆಗಿಂತ ಹೆಚ್ಚಾಗಿ ಅದರ ಜೊತೆಗಿರುವ ವಿವರವನ್ನು ಅವಲಂಬಿಸಿದೆ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರಿಂದ ಬಂತು, ಯಾವುದರ ಜೊತೆ ಇತ್ತು ಎಂಬ ನಾಲ್ಕು ಸಾಲು ಇದ್ದರೆ ಸಂಗ್ರಹ, ಇಲ್ಲದಿದ್ದರೆ ರಾಶಿ.

ಇದನ್ನು ಕಣ್ಣಾರೆ ಕಾಣಲು ನಾಗಪುರ ಒಳ್ಳೆಯ ಊರು. ದೇಶದ ನಡುಮಧ್ಯದಲ್ಲಿರುವುದರಿಂದ ರೈಲು, ಅಂಚೆ, ಸೈನ್ಯ, ವ್ಯಾಪಾರ ಎಲ್ಲವೂ ಇಲ್ಲಿ ಹಾದುಹೋಗಿವೆ. ಹಾದುಹೋದದ್ದೆಲ್ಲ ಏನಾದರೊಂದು ಗುರುತು ಬಿಟ್ಟಿದೆ. ಊರಿನ ಸುತ್ತಲಿನ ನೆಲವೂ ಸಾಮಾನ್ಯವಲ್ಲ. ಒಂದು ಕಡೆ ದಖನ್ನಿನ ಲಾವಾ ಕಲ್ಲು, ಇನ್ನೊಂದು ಕಡೆ ಕಲ್ಲಿದ್ದಲಿನ ಪದರಗಳು. ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಇಲ್ಲಿ ಬಿಡುವಿನ ವೇಳೆಯ ಸಂಗ್ರಹದಿಂದ ಭೂವಿಜ್ಞಾನವೂ ಇತಿಹಾಸವೂ ಬೆಳೆದಿವೆ.

ಕಲ್ಲು ಕೂಡಿಸಿದ ಪಾದ್ರಿ

ಸ್ಟೀಫನ್ ಹಿಸ್ಲಾಪ್ ಸ್ಕಾಟ್ಲೆಂಡಿನ ಪಾದ್ರಿ. 1845ರಲ್ಲಿ ನಾಗಪುರಕ್ಕೆ ಬಂದ. ಆಗ ಇಲ್ಲಿ ಭೋಸಲೆಗಳ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ. ಮತಪ್ರಚಾರ ಮತ್ತು ಶಾಲೆ ಅವನ ಕೆಲಸ. ಕಲ್ಲು, ಗಿಡ, ಕೀಟ, ಚಿಪ್ಪುಗಳನ್ನು ಹೆಕ್ಕುವುದು ಅವನ ಬಿಡುವಿನ ಗೀಳು. ಜೊತೆಗಾರ ರಾಬರ್ಟ್ ಹಂಟರನೊಂದಿಗೆ ಹಳ್ಳಿಹಳ್ಳಿ ಸುತ್ತುವಾಗ ನೆಲದ ಮೇಲೆ ಕಂಡದ್ದನ್ನು ಅವನು ಎತ್ತಿಟ್ಟುಕೊಳ್ಳುತ್ತಿದ್ದ, ಕಂಡ ಜಾಗವನ್ನು ಬರೆದಿಟ್ಟುಕೊಳ್ಳುತ್ತಿದ್ದ.

ನಾಗಪುರದ ಪಕ್ಕದ ಟಾಕ್ಲಿಯಲ್ಲಿ ಅವರಿಗೆ ಸಿಕ್ಕಿದ್ದು ಲಾವಾ ಪದರಗಳ ನಡುವೆ ಸಿಕ್ಕಿಬಿದ್ದಿದ್ದ ಹಳೆಯ ಕೆರೆಯ ಕೆಸರು. ದಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದಿಂದ ಆದದ್ದು. ಲಾವಾ ಒಂದೇ ಸಲಕ್ಕೆ ಬರಲಿಲ್ಲ. ಒಮ್ಮೆ ಉಕ್ಕಿ ಆರಿದ ಮೇಲೆ ಬಹುಕಾಲ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು, ಗಿಡ ಬೆಳೆದು, ಬಸವನಹುಳು ಮೀನುಗಳು ಬಾಳಿ ಸತ್ತು ಕೆಸರಿನಲ್ಲಿ ಹೂತುಹೋದವು. ಮುಂದಿನ ಲಾವಾ ಅದರ ಮೇಲೆ ಹರಿದು ಮುಚ್ಚಿಬಿಟ್ಟಿತು. ಕೆಸರು ಗಟ್ಟಿಯಾಗಿ ಬೆಣಚುಕಲ್ಲಿನಂತಾಯಿತು. ಅದನ್ನು ಒಡೆದಾಗ ಸಿಹಿನೀರಿನ ಬಸವನಹುಳುವಿನ ಚಿಪ್ಪು, ಕಾಯಿ ಬೀಜಗಳು, ಜೀರುಂಡೆಯ ಗಟ್ಟಿ ರೆಕ್ಕೆ ಕೂಡ ಸಿಕ್ಕವು. ಇಂಥದೇ ಪದರಗಳು ಕರ್ನಾಟಕದಲ್ಲೂ ಇವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತಮುತ್ತಲಿನವು ಭೂವಿಜ್ಞಾನಿಗಳಿಗೆ ಚಿರಪರಿಚಿತ.

ಮಾಂಗ್ಲಿ ಎಂಬ ಹಳ್ಳಿಯಲ್ಲಿ ಸಿಕ್ಕ ಒಂದು ಚಪ್ಪಟೆ ತಲೆಬುರುಡೆ ಲಂಡನ್ನಿಗೆ ಹೋಯಿತು. ಡೈನೊಸಾರ್‌ಗಳಿಗೆ ಆ ಹೆಸರಿಟ್ಟ ರಿಚರ್ಡ್ ಓವೆನ್ ಅದನ್ನು ಪರೀಕ್ಷಿಸಿ, ಅದುವರೆಗೆ ಗೊತ್ತಿಲ್ಲದ ಅಳಿದುಹೋದ ಉಭಯಚರವೆಂದು ಗುರುತಿಸಿ ಬ್ರಾಕಿಯಾಪ್ಸ್ ಎಂದು ಕರೆದ. ನಾಗಪುರ ಸೀಮೆಯ ಭೂರಚನೆಯ ಬಗ್ಗೆ ಹಿಸ್ಲಾಪ್ ಮತ್ತು ಹಂಟರ್ ಬರೆದ ಲೇಖನ 1855ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಹಿಸ್ಲಾಪೈಟ್ ಎಂಬ ಖನಿಜಕ್ಕೆ ಅವನ ಹೆಸರೇ ಬಂತು. ಅವನು ಕಳಿಸಿದ ಪಳೆಯುಳಿಕೆಗಳಿಗೆ ಇಂದಿಗೂ ಬೆಲೆ ಉಳಿದಿರುವುದಕ್ಕೆ ಕಾರಣ ಸರಳ: ಪ್ರತಿಯೊಂದರ ಹಿಂದೆ ಒಂದು ಹಳ್ಳಿಯ ಹೆಸರಿದೆ. ಟಾಕ್ಲಿ, ಮಾಂಗ್ಲಿ, ಸಿಲೇವಾಡ, ಕಾಮ್ಠಿ ಎಂಬ ಹೆಸರುಗಳು ಹಾಗೆ ಭೂವಿಜ್ಞಾನದ ಪುಸ್ತಕಗಳಿಗೆ ಏರಿದವು.

ಹಿಸ್ಲಾಪ್ ಮಾತುಗಳನ್ನೂ ಕೂಡಿಸಿದ. ಗೊಂಡರ ಪದಗಳು, ಪದ್ಧತಿಗಳು, ಅವರ ಹಾಡುಗಾರರಾದ ಪರಧಾನರು ಹಾಡುವ ಲಿಂಗೋ ಕಥನ, ಎಲ್ಲವನ್ನೂ ಬರೆಸಿಕೊಂಡ. 1863ರ ಸೆಪ್ಟೆಂಬರ್ 4ರಂದು ಟಾಕಳಘಾಟ್‌ನ ಪ್ರಾಚೀನ ಕಲ್ಲುವೃತ್ತಗಳನ್ನು ನೋಡಿ ಕುದುರೆಯ ಮೇಲೆ ಹಿಂದಿರುಗುವಾಗ ಮಳೆಗೆ ತುಂಬಿದ್ದ ಹಳ್ಳದಲ್ಲಿ ಮುಳುಗಿ ಸತ್ತ. ಉಳಿದ ಟಿಪ್ಪಣಿಗಳನ್ನು ಮಧ್ಯಪ್ರಾಂತದ ಚೀಫ್ ಕಮಿಷನರ್ ರಿಚರ್ಡ್ ಟೆಂಪಲ್ ಒಪ್ಪ ಮಾಡಿ 1866ರಲ್ಲಿ ಅಚ್ಚು ಹಾಕಿಸಿದ. ಬರೆದಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ತಲೆಯಲ್ಲಷ್ಟೇ ಇದ್ದಿದ್ದರೆ ಅಂದೇ ಹಳ್ಳದ ಪಾಲಾಗುತ್ತಿತ್ತು. 1883ರಲ್ಲಿ ಶುರುವಾದ ನಾಗಪುರದ ಹಿಸ್ಲಾಪ್ ಕಾಲೇಜು ಅವನ ಹೆಸರಿನದು.

ಅಜಬ್ ಬಂಗ್ಲಾ

ಹಿಸ್ಲಾಪ್ ತೀರಿಕೊಂಡ 1863ರಲ್ಲೇ ನಾಗಪುರದ ಕೇಂದ್ರ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಜನ ಅದನ್ನು ಇಂದಿಗೂ ಅಜಬ್ ಬಂಗ್ಲಾ ಎಂದೇ ಕರೆಯುತ್ತಾರೆ. ಸಿವಿಲ್ ಲೈನ್ಸ್‌ನಲ್ಲಿರುವ ಈ ಕಟ್ಟಡದಲ್ಲಿ ಶಿಲ್ಪ, ಶಾಸನ, ನಾಣ್ಯ, ಆಯುಧ, ಬುಡಕಟ್ಟು ಜನರ ಬಳಕೆಯ ಸಾಮಾನು, ಒಣಗಿಸಿ ತುಂಬಿದ ಪ್ರಾಣಿ ಪಕ್ಷಿಗಳು ಒಂದೇ ಸೂರಿನಡಿ ಸೇರಿವೆ. ಹಳ್ಳಿಗಳಲ್ಲಿ, ಹೊಲಗಳಲ್ಲಿ ಸಿಕ್ಕ ಪ್ರಾಚೀನ ವಸ್ತುಗಳಿಗೆ ನೆಲೆಯಾಗಿ ಅದು ಬೆಳೆದುಬಂದಿದೆ.

ಒಬ್ಬರ ಸಂಗ್ರಹವೇ ವಸ್ತುಸಂಗ್ರಹಾಲಯವಾದ ಉದಾಹರಣೆಗಳು ಬೇಕಾದಷ್ಟಿವೆ. ಪುಣೆಯ ದಿನಕರ ಕೇಳ್ಕರ್ ದೀಪ, ಅಡಕತ್ತರಿ, ವಾದ್ಯ, ಬಾಗಿಲುಗಳನ್ನು ದಶಕಗಳ ಕಾಲ ಕೂಡಿಸಿ, ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಸಂಗ್ರಹಾಲಯ ಮಾಡಿ 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಿಂದೆ ವೀರೇಂದ್ರ ಹೆಗ್ಗಡೆಯವರ ಸಂಗ್ರಹಾಸಕ್ತಿಯಿದೆ.

ವಿವರ ಉಳಿದರೆ ವಸ್ತು ಎಷ್ಟು ದೂರ ಹೋದರೂ ಗುರುತು ಸಿಗುತ್ತದೆ ಎನ್ನುವುದಕ್ಕೆ ಈಚಿನ ಸಾಕ್ಷಿ ನಾಗಪುರದ ಭೋಸಲೆ ಮನೆತನದ ಒಂದು ಕತ್ತಿ. 2025ರ ಏಪ್ರಿಲ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿಗೆ ಅದು ಬಂತು. ಅಲಗಿನ ಬೆನ್ನಿನ ಮೇಲೆ ದೇವನಾಗರಿಯಲ್ಲಿ ‘ಸೇನಾಸಾಹೇಬಸುಭಾ’ ಬಿರುದಿನ ಸಮೇತ ರಾಘೋಜಿ ಭೋಸಲೆಯ ಹೆಸರನ್ನು ಕೆತ್ತಲಾಗಿತ್ತು. ನಾಗಪುರ ಸಂಸ್ಥಾನವನ್ನು ಕಟ್ಟಿದ ಮೊದಲನೆಯ ರಾಘೋಜಿಯ ಕತ್ತಿ ಅದೆಂದು ಖಚಿತವಾದದ್ದು ಆ ಒಂದು ಸಾಲಿನಿಂದ. ಮಹಾರಾಷ್ಟ್ರ ಸರ್ಕಾರ 47 ಲಕ್ಷ ರೂಪಾಯಿಗೂ ಹೆಚ್ಚು ಖರ್ಚು ಮಾಡಿ ಕತ್ತಿಯನ್ನು ಪಡೆಯಿತು. ಅದೇ ಆಗಸ್ಟ್‌ನಲ್ಲಿ ಅದು ಮುಂಬಯಿಗೆ ಬಂದಿಳಿಯಿತು. ಅಂಥದೇ ಅಲಗು, ಅಂಥದೇ ಹಿಡಿ ಇದ್ದು ಬರಹವಿಲ್ಲದ ಕತ್ತಿಯಾಗಿದ್ದರೆ ಅದು ಹಳೆಯ ಮರಾಠಾ ಕತ್ತಿಗಳಲ್ಲಿ ಒಂದಾಗಿ ಯಾರದೋ ಗೋಡೆ ಸೇರುತ್ತಿತ್ತು.

ನಾಣ್ಯ ಓದುವ ಬಗೆ

ನಾಣ್ಯ ಸಂಗ್ರಹ ಶುರು ಮಾಡುವುದು ಸುಲಭ. ಚಲಾವಣೆ ನಿಂತ ಹತ್ತು ಪೈಸೆ, ಇಪ್ಪತ್ತೈದು ಪೈಸೆಗಳು ಬಹಳ ಮನೆಗಳಲ್ಲಿ ಈಗಲೂ ಸಿಗುತ್ತವೆ. ಆದರೆ ಈ ಹವ್ಯಾಸದ ರುಚಿ ಹತ್ತುವುದು ನಾಣ್ಯವನ್ನು ಓದಲು ಕಲಿತ ಮೇಲೆ.

ವಿದರ್ಭದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ತರ್ಹಾಳಾ ನಿಧಿ. 1939ರಲ್ಲಿ ಆಗಿನ ಅಕೋಲಾ ಜಿಲ್ಲೆಯ ಮಂಗರೂಳ್ ತಾಲ್ಲೂಕಿನ ತರ್ಹಾಳಾ ಹಳ್ಳಿಯಲ್ಲಿ ಸುಮಾರು 1,600 ಶಾತವಾಹನ ನಾಣ್ಯಗಳು ಒಟ್ಟಿಗೇ ಸಿಕ್ಕವು. ಅವು ಪೋಟಿನ್ ನಾಣ್ಯಗಳು. ಎಂದರೆ ತಾಮ್ರ, ತವರ, ಸೀಸ ಬೆರೆತ ಅಗ್ಗದ ಲೋಹದವು. ಒಂದು ಬದಿಯಲ್ಲಿ ಸೊಂಡಿಲೆತ್ತಿದ ಆನೆ, ಅದರ ಸುತ್ತ ಬ್ರಾಹ್ಮಿ ಲಿಪಿಯಲ್ಲಿ ರಾಜನ ಹೆಸರು. ಇನ್ನೊಂದು ಬದಿಯಲ್ಲಿ ನಾಲ್ಕು ಬೊಟ್ಟುಗಳನ್ನು ಅಡ್ಡಗೆರೆಗಳಿಂದ ಸೇರಿಸಿದಂತೆ ಕಾಣುವ ಉಜ್ಜಯಿನಿ ಚಿಹ್ನೆ.

ಈ ನಾಣ್ಯಗಳಲ್ಲಿ ಒಂದು ತೊಡಕಿದೆ. ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು. ಹಾಗಾಗಿ ಯಾವ ನಾಣ್ಯದ ಮೇಲೂ ಹೆಸರು ಪೂರ್ತಿ ಬೀಳುವುದು ಅಪರೂಪ. ಒಂದರಲ್ಲಿ ಮೊದಲ ಮೂರಕ್ಷರ, ಇನ್ನೊಂದರಲ್ಲಿ ನಡುವಿನ ನಾಲ್ಕಕ್ಷರ, ಮತ್ತೊಂದರಲ್ಲಿ ಕೊನೆಯ ಎರಡು. ಒಂಟಿ ನಾಣ್ಯ ಹಿಡಿದವನಿಗೆ ಏನೂ ಓದಲಾಗದು. ನೂರಾರು ಒಟ್ಟಿಗಿದ್ದರೆ ಅಕ್ಷರಗಳನ್ನು ಒಂದಕ್ಕೊಂದು ಹೊಂದಿಸಿ ಹೆಸರು ತುಂಬಿಸಬಹುದು. ನಾಗಪುರದ ಮಾರಿಸ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವ ವಿಷ್ಣು ಮಿರಾಶಿ (1893–1985) ಮಾಡಿದ್ದು ಇದನ್ನೇ. ಗೌತಮೀಪುತ್ರ, ಪುಳುಮಾವಿ, ಯಜ್ಞ ಶಾತಕರ್ಣಿಯಂಥ ಪ್ರಸಿದ್ಧ ಅರಸರ ಜೊತೆಗೆ ಕುಂಭ, ಕರ್ಣ, ಶಕ ಎಂಬ ಶಾತಕರ್ಣಿಗಳ ಹೆಸರೂ ಆ ನಿಧಿಯಲ್ಲಿ ಹೊರಬಂದವು. ಪುರಾಣಗಳ ವಂಶಾವಳಿಯಲ್ಲಿ ಕಾಣದ ಹೆಸರುಗಳಿವು. ಹಳ್ಳಿಯವರು ನಾಣ್ಯಗಳನ್ನು ಹಂಚಿಕೊಂಡು ಬೇರೆ ಬೇರೆ ಊರಿನ ವ್ಯಾಪಾರಿಗಳಿಗೆ ಮಾರಿದ್ದರೆ ಈ ಅರಸರು ಮತ್ತೆ ಮಣ್ಣು ಸೇರುತ್ತಿದ್ದರು. ಕರ್ನಾಟಕದಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನ ನಾಣ್ಯಗಳ ಜೊತೆಗೇ ರೋಮನ್ ನಾಣ್ಯ ಸಿಕ್ಕದ್ದರಿಂದ ಆ ಕಾಲದ ವ್ಯಾಪಾರ ಎಲ್ಲಿಯವರೆಗಿತ್ತು ಎಂದು ತಿಳಿಯಿತು. ಅಲ್ಲಿಯೂ ಕೆಲಸಕ್ಕೆ ಬಂದದ್ದು ‘ಜೊತೆಗೆ’ ಎಂಬ ವಿವರ.

ಮಿರಾಶಿ ಮುಂದೆ ವಾಕಾಟಕ, ಕಲಚುರಿ, ಶಿಲಾಹಾರ ಶಾಸನಗಳ ಬೃಹತ್ ಸಂಪುಟಗಳನ್ನು ಸಂಪಾದಿಸಿದರು. ವಿದರ್ಭದ ತಾಮ್ರಪಟಗಳಲ್ಲಿ ಕನ್ನಡಿಗರ ಪಾಲೂ ಇದೆ. ವರ್ಧಾ ಬಳಿಯ ದೇವಳಿಯಲ್ಲಿ ಸಿಕ್ಕ ತಾಮ್ರಪಟಗಳು ಮಳಖೇಡದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನವು, ಶಕ 862ರವು, ಎಂದರೆ ಕ್ರಿ.ಶ. 940ರವು. ದಾನ ಕೊಟ್ಟ ಊರು ‘ನಾಗಪುರ ನಂದಿವರ್ಧನ’ ಸೀಮೆಯಲ್ಲಿದೆ ಎಂದು ಅದರಲ್ಲಿ ಬರೆದಿದೆ. ನಾಗಪುರ ಎಂಬ ಹೆಸರು ಸಿಗುವ ಬಹು ಹಳೆಯ ದಾಖಲೆ ಇದು. ಒಂದು ನಗರದ ಹೆಸರು ಕನ್ನಡ ನಾಡಿನ ಅರಸನೊಬ್ಬನ ದಾನಪತ್ರದಲ್ಲಿ ಉಳಿದುಬಂದಿದೆ.

ಭೋಸಲೆಗಳ ಕಾಲದ ನಾಣ್ಯಗಳು ಇನ್ನೊಂದು ಪಾಠ ಕಲಿಸುತ್ತವೆ. ಆಳಿದವರು ಮರಾಠರು, ನಾಣ್ಯದ ಮೇಲಿನ ಹೆಸರು ಮೊಗಲ್ ಬಾದಶಹರದು, ಲಿಪಿ ಪಾರ್ಸಿ. 1751ರಿಂದ 1803ರವರೆಗೆ ಒರಿಸ್ಸಾ ಅವರ ಕೈಯಲ್ಲಿದ್ದಾಗ ಕಟಕ್ ಟಂಕಸಾಲೆಯ ರೂಪಾಯಿಗಳೂ ಹಾಗೆಯೇ ಬಂದವು. ವ್ಯಾಪಾರಿಗಳಿಗೆ ರೂಢಿಯಿದ್ದ ಅಚ್ಚನ್ನು ಬದಲಿಸಿದರೆ ಹಣ ಓಡುವುದಿಲ್ಲ ಎಂಬ ಲೆಕ್ಕ ಅದರ ಹಿಂದಿತ್ತು. ಆದ್ದರಿಂದ ಮೇಲಿನ ಹೆಸರು ನೋಡಿ ‘ಮೊಗಲ್ ನಾಣ್ಯ’ ಎಂದು ಚೀಟಿ ಅಂಟಿಸುವ ಮುನ್ನ ಟಂಕಸಾಲೆಯ ಗುರುತು, ಪಟ್ಟದ ವರ್ಷ ಎರಡನ್ನೂ ನೋಡಬೇಕು.

ನಡುರಾತ್ರಿಯ ಅಂಚೆ

ಜಗತ್ತಿನ ಮೊದಲ ಅಂಚೆ ಚೀಟಿ ಪೆನ್ನಿ ಬ್ಲ್ಯಾಕ್ 1840ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಏಷ್ಯಾದ ಮೊದಲನೆಯದು 1852ರ ಜುಲೈ 1ರ ಸಿಂಧ್ ಡಾಕ್. ಇಡೀ ಭಾರತಕ್ಕೆ ಅಂಚೆ ಚೀಟಿ 1854ರಲ್ಲಿ ಬಂತು. ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು, ತ್ರಿವರ್ಣ ಧ್ವಜ ಮತ್ತು ‘ಜೈ ಹಿಂದ್’ ಹೊತ್ತು. ಮಕ್ಕಳು ಸಾಮಾನ್ಯವಾಗಿ ಶುರು ಮಾಡುವುದು ಹೂವು, ಹಕ್ಕಿ, ಗಾಂಧಿ ಎಂದು ವಿಷಯವಾರು ಚೀಟಿ ಕೂಡಿಸುವುದರಿಂದ. ಅನುಭವ ಬಂದಂತೆ ಬಹಳ ಮಂದಿ ಚೀಟಿಯಿಂದ ಇಡೀ ಲಕೋಟೆಯ ಕಡೆಗೆ ಹೊರಳುತ್ತಾರೆ. ಪತ್ರ ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ ಹೋಯಿತೆಂದು ಅದರ ಮುದ್ರೆಗಳಿಂದ ತಿಳಿಯುವುದು ಅಂಚೆ ಇತಿಹಾಸ ಎಂಬ ಶಾಖೆ. ಅದರಲ್ಲಿ ನಾಗಪುರಕ್ಕೆ ತನ್ನದೇ ಅಧ್ಯಾಯವಿದೆ.

ಭಾರತದಲ್ಲಿ ವಿಮಾನದ ಅಂಚೆ ಬಹಳ ಮೊದಲೇ ಬಂತು. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ಪೈಲಟ್ ಅಲಹಾಬಾದಿನಿಂದ ನೈನಿಗೆ ಸುಮಾರು 6,500 ಪತ್ರಗಳನ್ನು ಹದಿಮೂರು ನಿಮಿಷದಲ್ಲಿ ಒಯ್ದ. ಅಧಿಕೃತ ವಿಮಾನ ಅಂಚೆಯಲ್ಲಿ ಜಗತ್ತಿಗೇ ಅದು ಮೊದಲು. ಆದರೆ ಸಾಮಾನ್ಯರ ಕಾಗದ ದಿನಾ ವಿಮಾನ ಹತ್ತಿದ್ದು ಸ್ವಾತಂತ್ರ್ಯದ ನಂತರ. 1949ರ ಜನವರಿ 30ರಂದು ರಾತ್ರಿ ವಿಮಾನ ಅಂಚೆ ಶುರುವಾಯಿತು. ದೆಹಲಿ, ಬೊಂಬಾಯಿ, ಕಲ್ಕತ್ತಾ, ಮದ್ರಾಸುಗಳಿಂದ ರಾತ್ರಿ ಒಂದೊಂದು ವಿಮಾನ ಹೊರಟು ನಡುರಾತ್ರಿಯ ಹೊತ್ತಿಗೆ ನಾಗಪುರದ ಸೋನೆಗಾಂವ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಚೀಲಗಳು ಅದಲುಬದಲಾಗುತ್ತಿದ್ದವು. ಬೆಳಗಾಗುವಷ್ಟರಲ್ಲಿ ವಿಮಾನಗಳು ತಂತಮ್ಮ ಊರಿಗೆ ವಾಪಸು. ಅದೇ ವರ್ಷ ಏಪ್ರಿಲ್ 1ರಿಂದ, ವಿಮಾನದಿಂದ ಬೇಗ ತಲುಪುವುದಾದರೆ ದೇಶದೊಳಗಿನ ಕಾಗದಗಳನ್ನು ಹೆಚ್ಚಿನ ದರವಿಲ್ಲದೆ ವಿಮಾನದಲ್ಲೇ ಕಳಿಸುವ ಪದ್ಧತಿಯೂ ಬಂತು.

ಏರ್ಪಾಡಿನ ಜಾಣತನ ಲೆಕ್ಕ ಹಾಕಿದರೆ ತಿಳಿಯುತ್ತದೆ. ನಾಲ್ಕು ನಗರಗಳನ್ನು ಒಂದಕ್ಕೊಂದು ನೇರ ಜೋಡಿಸಲು ಆರು ಮಾರ್ಗ ಬೇಕು, ಎರಡೂ ದಿಕ್ಕಿಗೆ ಸೇರಿ ರಾತ್ರಿಗೆ ಹನ್ನೆರಡು ಹಾರಾಟ. ನಾಗಪುರದಲ್ಲಿ ಎಲ್ಲ ಕೂಡಿದರೆ ನಾಲ್ಕು ವಿಮಾನ, ಎಂಟು ಹಾರಾಟ ಸಾಕು. ಪ್ರತಿ ವಿಮಾನವೂ ಉಳಿದ ಮೂರು ನಗರಗಳ ಚೀಲ ಹೊತ್ತಿರುತ್ತದೆ. ಮೊದಲು ಖಾಸಗಿ ಕಂಪನಿಗಳು ಡಕೋಟಾ ವಿಮಾನಗಳಿಂದ ಈ ಕೆಲಸ ಮಾಡಿದವು. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾದ ಮೇಲೆ ಇಂಡಿಯನ್ ಏರ್‌ಲೈನ್ಸ್ ವಹಿಸಿಕೊಂಡಿತು. ಅಮೆರಿಕದ ಮೆಂಫಿಸ್ ನಗರವನ್ನು ನಡುಬಿಂದು ಮಾಡಿಕೊಂಡು ಫೆಡೆಕ್ಸ್ ಕಂಪನಿ ಇದೇ ವಿಧಾನದಲ್ಲಿ ಪಾರ್ಸೆಲ್ ಸಾಗಿಸತೊಡಗಿದ್ದು 1973ರಲ್ಲಿ.

ಆ ಕಾಲದ ಒಂದು ಲಕೋಟೆ ಕೈಗೆ ಬಂದರೆ ಸಂಗ್ರಾಹಕರು ಮೊದಲು ಚೀಟಿ ನೋಡುವುದಿಲ್ಲ. ಮುಂಬದಿಯಲ್ಲಿ ಹೊರಟ ಊರಿನ ದುಂಡು ಮುದ್ರೆ, ಅದರೊಳಗೆ ತಾರೀಖು ನೋಡುತ್ತಾರೆ. ತಿರುಗಿಸಿ ಹಿಂಬದಿಯಲ್ಲಿ ತಲುಪಿದ ಊರಿನ ಮುದ್ರೆ ಹುಡುಕುತ್ತಾರೆ. ಸಂಜೆ ಮದ್ರಾಸಿನಲ್ಲಿ ಬಿದ್ದ ಕಾಗದಕ್ಕೆ ಮರುದಿನವೇ ದೆಹಲಿಯ ಮುದ್ರೆ ಬಿದ್ದಿದ್ದರೆ ಅದು ರೈಲಿನಲ್ಲಿ ಹೋಗಿರಲು ಸಾಧ್ಯವಿಲ್ಲ. ಎರಡು ತಾರೀಖುಗಳ ನಡುವೆ, ಎಲ್ಲೂ ಬರೆಯದ ನಾಗಪುರವಿದೆ. ಚೀಟಿಯ ಆಸೆಗೆ ಲಕೋಟೆಯ ಮೂಲೆ ಕತ್ತರಿಸಿಟ್ಟುಕೊಂಡವರಿಗೆ ಸಿಗುವುದು ಸಾಮಾನ್ಯ ಚೀಟಿ ಮಾತ್ರ. ಕಸದ ಬುಟ್ಟಿಗೆ ಹೋದದ್ದು ಅದರ ಚರಿತ್ರೆ. ಅದಕ್ಕೇ ಅನುಭವಿಗಳು ಹಳೆಯ ಲಕೋಟೆಯನ್ನು ಎಂದೂ ಕತ್ತರಿಸಬೇಡಿ ಎನ್ನುವುದು.

ಸಣ್ಣ ಹಳಿ, ದಪ್ಪ ಟಿಕೆಟ್

ಬೊಂಬಾಯಿಯಿಂದ ರೈಲು ನಾಗಪುರ ಮುಟ್ಟಿದ್ದು 1867ರಲ್ಲಿ. ಈಗಿನ ನಿಲ್ದಾಣದ ಕಲ್ಲಿನ ಕಟ್ಟಡ 1925ರದು. 1887ರಲ್ಲಿ ಹುಟ್ಟಿದ ಬೆಂಗಾಲ್ ನಾಗಪುರ ರೈಲ್ವೆ ಈ ಊರನ್ನು ಕಲ್ಕತ್ತಾ ಕಡೆಗೆ ಜೋಡಿಸಿದ್ದಲ್ಲದೆ ಸಾತ್ಪುಡಾ ಬೆಟ್ಟಗಳೊಳಗೆ 762 ಮಿಲಿಮೀಟರ್ ಅಗಲದ ನ್ಯಾರೋಗೇಜ್ ಹಳಿಗಳ ದೊಡ್ಡ ಜಾಲವನ್ನೇ ಹಾಸಿತು. ಬ್ರಾಡ್‌ಗೇಜ್ ಹಳಿಯ ಅಗಲ 1,676 ಮಿಲಿಮೀಟರ್. ನ್ಯಾರೋಗೇಜ್ ಅದರ ಅರ್ಧಕ್ಕಿಂತಲೂ ಕಡಿಮೆ. ಬೆಟ್ಟದ ತಿರುವುಗಳಲ್ಲಿ ಕಡಿಮೆ ಖರ್ಚಿನಲ್ಲಿ ಹಳಿ ಹಾಕಲು ಇದು ಅನುಕೂಲ. ಕರ್ನಾಟಕದವರಿಗೆ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ನಡುವೆ ಓಡುತ್ತಿದ್ದ ಸಣ್ಣ ರೈಲಿನ ನೆನಪಿದ್ದರೆ ಅದೂ ಇದೇ ಅಗಲದ್ದು.

ನಾಗಪುರದಿಂದ ಛಿಂದ್ವಾಡಾಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ 2015ರಲ್ಲಿ, ನಾಗಭೀಡ್ ಕಡೆಯದು 2019ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ನಿಂತವು. ಹಳಿ ಕಿತ್ತರೂ ನೆನಪು ಉಳಿಯಲೆಂದು ಮೋತಿಬಾಗ್‌ನಲ್ಲಿ 2002ರ ಡಿಸೆಂಬರ್‌ನಲ್ಲೇ ನ್ಯಾರೋಗೇಜ್ ರೈಲು ಸಂಗ್ರಹಾಲಯ ತೆರೆದಿತ್ತು. ಸಣ್ಣ ಉಗಿಬಂಡಿ, ಬೋಗಿ, ಸಿಗ್ನಲ್ ಉಪಕರಣ, ಲಾಟೀನುಗಳನ್ನು ಅಲ್ಲಿ ನೋಡಬಹುದು.

ರೈಲುಪ್ರಿಯರು ಮನೆಯಲ್ಲಿ ಕೂಡಿಸುವುದು ಮುಖ್ಯವಾಗಿ ಕಾಗದವನ್ನು: ಹಳೆಯ ವೇಳಾಪಟ್ಟಿ, ಭೂಪಟ, ಫೋಟೋ, ಟಿಕೆಟ್. ಕಂಪ್ಯೂಟರ್ ಬರುವ ಮುಂಚೆ ಕೌಂಟರಿನಲ್ಲಿ ಕೊಡುತ್ತಿದ್ದ ದಪ್ಪ ರಟ್ಟಿನ ಟಿಕೆಟ್ ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ರೂಪಿಸಿದ್ದು. ಬೆರಳುದ್ದದ ಆ ರಟ್ಟಿನ ಅಳತೆ ಜಗತ್ತಿನಲ್ಲೆಲ್ಲ ಬಹುತೇಕ ಒಂದೇ. ಮೇಲೆ ಹೊರಡುವ ಊರು, ಸೇರುವ ಊರು, ದರ್ಜೆ, ದರ, ಕ್ರಮಸಂಖ್ಯೆ. ಅಂಚಿನಲ್ಲಿ ಯಂತ್ರ ಒತ್ತಿದ ತಾರೀಖು. ಮುಚ್ಚಿಹೋದ ಮಾರ್ಗದ ಒಂದು ಟಿಕೆಟ್ ಇದ್ದರೆ ಆ ದಿನ ಆ ನಿಲ್ದಾಣ ಇತ್ತು, ಅಲ್ಲಿಗೆ ಇಷ್ಟು ಕಾಸಿಗೆ ಹೋಗಬಹುದಿತ್ತು ಎನ್ನುವುದಕ್ಕೆ ಪುರಾವೆ. ಹಾಗೆಂದು ಹಳಿಯ ಪಕ್ಕದಲ್ಲಿ ಬಿದ್ದ ಕಬ್ಬಿಣ, ನಿಲ್ದಾಣದ ಫಲಕ ಎತ್ತಿಕೊಂಡು ಬರುವಂತಿಲ್ಲ. 1966ರ ರೈಲ್ವೆ ಆಸ್ತಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಕಾನೂನಿನ ಗೆರೆ

ಸಂಗ್ರಾಹಕರು ತಿಳಿದಿರಲೇಬೇಕಾದ ಇನ್ನೂ ಮೂರು ಕಾಯ್ದೆಗಳಿವೆ. ಹೊಲ ಉಳುವಾಗ, ಪಾಯ ತೆಗೆಯುವಾಗ ನೆಲದಲ್ಲಿ ಹೂತ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು; ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವ ನಿಧಿಗೂ ಇದು ಅನ್ವಯಿಸುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಚಿತ್ರಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ; ಕೆಲವು ಬಗೆಯವನ್ನು ನೋಂದಾಯಿಸಬೇಕು. ಅದೇ 1972ರ ವನ್ಯಜೀವಿ ಕಾಯ್ದೆ ಹುಲಿಯುಗುರು, ಚರ್ಮ, ಕೊಂಬುಗಳ ಸಂಗ್ರಹವನ್ನು ತಡೆಯುತ್ತದೆ. ಪೆಂಚ್, ತಾಡೋಬಾ ಕಾಡುಗಳು ಪಕ್ಕದಲ್ಲೇ ಇರುವ ನಾಗಪುರದಲ್ಲಿ ಇದು ಪುಸ್ತಕದ ಮಾತಲ್ಲ. ಕಾಡಿನ ಹವ್ಯಾಸಿಗೆ ಫೋಟೋ ಮತ್ತು ಟಿಪ್ಪಣಿ ಪುಸ್ತಕವೇ ಸಂಗ್ರಹ.

ಕಾಪಾಡುವ ಕ್ರಮ

ನಾಗಪುರದ ಮೇ ತಿಂಗಳಲ್ಲಿ ಉಷ್ಣತೆ 45 ಡಿಗ್ರಿ ದಾಟುವುದುಂಟು. ಬೆನ್ನಿಗೇ ಮಳೆಗಾಲದ ತೇವ. ಬಿಸಿಲಿಗೆ ಕಾಗದ ಗರಿಗರಿಯಾಗಿ ಹಳದಿ ತಿರುಗುತ್ತದೆ, ತೇವಕ್ಕೆ ಹೊಸ ಚೀಟಿಯ ಹಿಂದಿನ ಗೋಂದು ಹಾಳೆಗೆ ಹಿಡಿದುಕೊಳ್ಳುತ್ತದೆ. ಕಲಬುರಗಿಯಿಂದ ಮಂಗಳೂರಿನವರೆಗೆ ಕರ್ನಾಟಕದ ಮನೆಗಳಲ್ಲೂ ಈ ಎರಡರಲ್ಲಿ ಒಂದು ತೊಂದರೆ ಇದ್ದೇ ಇದೆ. ಆಲ್ಬಮ್ಮನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಒಂದರ ಮೇಲೊಂದು ಒಟ್ಟಿದರೆ ಅಡಿಯದು ಅಂಟಿಕೊಳ್ಳುತ್ತದೆ. ಚೀಟಿಯನ್ನು ಕೈಯಲ್ಲಿ ಮುಟ್ಟದೆ ಚಿಮಟದಲ್ಲಿ ಹಿಡಿಯಬೇಕು. ಬಳಸಿದ ಸಾಮಾನ್ಯ ಚೀಟಿಯನ್ನು ಲಕೋಟೆಯ ಚೂರಿನಿಂದ ಬಿಡಿಸಲು ತಣ್ಣೀರಿನಲ್ಲಿ ನೆನೆಸಿ, ತಾನಾಗಿ ಕಳಚಿದ ಮೇಲೆ ನೀರು ಹೀರುವ ಕಾಗದದ ಮೇಲೆ ನೆರಳಲ್ಲಿ ಒಣಗಿಸುತ್ತಾರೆ. ಸೆಲ್ಲೋಟೇಪು, ಮನೆಯ ಅಂಟು ಎರಡೂ ಕೂಡದು.

ನಾಣ್ಯದ ವಿಷಯದಲ್ಲಿ ನಮ್ಮ ಮನೆಗಳ ಶುಚಿತ್ವವೇ ಶತ್ರು. ತಾಮ್ರದ ಚೊಂಬು ತಿಕ್ಕಿದಂತೆ ಹಳೆಯ ನಾಣ್ಯವನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಿದರೆ ಶತಮಾನಗಳಿಂದ ಮೇಲೆ ಕೂತ ರಕ್ಷಾಪದರ ಹೋಗಿ, ಅದರೊಂದಿಗೆ ಅಕ್ಷರದ ಅಂಚೂ ಸವೆಯುತ್ತದೆ. ಫಳಫಳ ಹೊಳೆಯುವ ಹಳೆಯ ತಾಮ್ರದ ನಾಣ್ಯವನ್ನು ತಿಳಿದವರು ಕೊಳ್ಳುವುದಿಲ್ಲ. ಅಗ್ಗದ ಪಿವಿಸಿ ಚೀಲಗಳು ವರ್ಷಗಳು ಕಳೆದಂತೆ ಜಿನುಗಿ ಲೋಹದ ಮೇಲೆ ಹಸಿರು ಜಿಡ್ಡು ಬಿಡುತ್ತವೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಂದೊಂದನ್ನೂ ಬೇರೆ ಬೇರೆ ಒಣ ಕಾಗದದ ಪೊಟ್ಟಣದಲ್ಲಿಡುವುದು ಕ್ಷೇಮ.

ಹೊಸಬರಿಗೆ ದುಬಾರಿ ಬಂಡವಾಳ ಬೇಕಿಲ್ಲ. ನಾಗಪುರದ ಪ್ರಧಾನ ಅಂಚೆ ಕಚೇರಿಯಲ್ಲಿರುವಂಥ ಫಿಲಾಟೆಲಿ ವಿಭಾಗ ಬೆಂಗಳೂರು ಸೇರಿ ದೇಶದ ದೊಡ್ಡ ಅಂಚೆ ಕಚೇರಿಗಳಲ್ಲಿದೆ. ಸಣ್ಣ ಠೇವಣಿಯಿಟ್ಟು ಖಾತೆ ತೆರೆದರೆ ಹೊಸ ಚೀಟಿಗಳು ಮುಖಬೆಲೆಗೇ ದೊರೆಯುತ್ತವೆ. 6ರಿಂದ 9ನೇ ತರಗತಿಯ ಮಕ್ಕಳಲ್ಲಿ ಈ ಹವ್ಯಾಸ ಬೆಳೆಸಲು ಅಂಚೆ ಇಲಾಖೆ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಯೋಜನೆ ತಂದು, ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಗೊತ್ತುಮಾಡಿತು. ಮಹಾರಾಷ್ಟ್ರದ ಮಹಾಪೆಕ್ಸ್, ಕರ್ನಾಟಕದ ಕರ್ನಾಪೆಕ್ಸ್ ಪ್ರದರ್ಶನಗಳಲ್ಲಿ ನುರಿತವರ ಸಂಗ್ರಹ ನೋಡಿ ಕಲಿಯಬಹುದು. ಎಲ್ಲವನ್ನೂ ಕೂಡಿಸಹೊರಟವರು ಬೇಗ ಬೇಸರಪಡುತ್ತಾರೆ. ತಮ್ಮ ತಾಲ್ಲೂಕಿನ ಅಂಚೆ ಮುದ್ರೆಗಳು, ಒಂದೇ ರೈಲು ಮಾರ್ಗದ ಟಿಕೆಟ್‌ಗಳು, ಒಬ್ಬ ಅರಸನ ನಾಣ್ಯಗಳು ಎಂದು ಸಣ್ಣ ಗೆರೆ ಎಳೆದುಕೊಂಡವರು ಆ ವಿಷಯದಲ್ಲಿ ಬಲ್ಲವರಾಗುತ್ತಾರೆ.

ಮನೆಯಲ್ಲಿ ಹಿರಿಯರ ಕಾಲದ ನಾಣ್ಯದ ಡಬ್ಬಿ, ಕಾಗದದ ಕಟ್ಟು, ಚೀಟಿಯ ಪುಸ್ತಕ ಏನಾದರೂ ಇದ್ದರೆ ಅದರ ಬೆಲೆ ಎಷ್ಟೆಂದು ವಿಚಾರಿಸುವುದನ್ನು ಆಮೇಲೆ ಇಟ್ಟುಕೊಳ್ಳಬಹುದು. ಅದು ಎಲ್ಲಿಂದ ಬಂತು, ಯಾರು ತಂದರು ಎಂದು ಬಲ್ಲವರು ಇರುವಾಗಲೇ ಅವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಡಿ.